ನೀಲಿ ಹೆಲ್ಮೆಟ್‌ನಲ್ಲಿ ನಮ್ಮ ಪಾಲು

ಮಡಿಕೇರಿಗೆ ಟ್ರಿಪ್ ಹೋಗೋ ನಾವು ರಾಜಾಸೀಟ್‌ನಲ್ಲಿ ಫೋಟೋ ತೆಗೆದುಕೊಂಡು ವಾಪಸ್ ಬರ್ತೀವಿ. ಅದೇ ಊರಿನ ‘ಸನ್ನಿ ಸೈಡ್’ ಮನೆ ಈಗ ಜನರಲ್ ತಿಮ್ಮಯ್ಯನವರ ಮ್ಯೂಸಿಯಂ. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯನ್ನು ಮುನ್ನಡೆಸುತ್ತಿದ್ದಾಗಲೇ, 1965ರಲ್ಲಿ, ಅವರು ತೀರಿಕೊಂಡರು.

ಈ ಕೆಲಸದಲ್ಲಿ ಭಾರತದ ಪಾತ್ರ ಬದಲಾಗುತ್ತಲೇ ಬಂದಿದೆ. 1950ರಲ್ಲಿ ಕೊರಿಯಾ ಯುದ್ಧಕ್ಕೆ ನಾವು ಕಳಿಸಿದ್ದು ಗಾಯಾಳುಗಳನ್ನು ನೋಡಿಕೊಳ್ಳುವ ವೈದ್ಯಕೀಯ ತಂಡವನ್ನ. 1961ರಲ್ಲಿ ಕಾಂಗೋದಲ್ಲಿ ನಮ್ಮ ಸೈನಿಕರು ಹೋರಾಡಲೇಬೇಕಾಯಿತು. ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಅಲ್ಲೇ ಪ್ರಾಣ ಕೊಟ್ಟರು. 2007ರಲ್ಲಿ ಲೈಬೀರಿಯಾಕ್ಕೆ ಹೋಗಿದ್ದು ಪೂರ್ತಿ ಮಹಿಳೆಯರದ್ದೇ ಪೊಲೀಸ್ ತುಕಡಿ, ವಿಶ್ವಸಂಸ್ಥೆಯ ಇತಿಹಾಸದಲ್ಲೇ ಮೊದಲನೆಯದು. 2021ರಲ್ಲಿ ಶಾಂತಿಪಾಲಕರ ಸುರಕ್ಷತೆಗಾಗಿ ‘ಯುನೈಟ್ ಅವೇರ್’ ಎಂಬ ತಂತ್ರಜ್ಞಾನ ವೇದಿಕೆಗೂ ಭಾರತ ಕೈಜೋಡಿಸಿತು.

ಈ ಪಡೆಗಳಲ್ಲಿ ಭಾರತದ 150ಕ್ಕೂ ಹೆಚ್ಚು ಜನ ಜೀವ ಕೊಟ್ಟಿದ್ದಾರೆ. ಆದರೂ ಪಡೆ ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಅಂತ ತೀರ್ಮಾನಿಸುವ ಭದ್ರತಾ ಮಂಡಳಿಯಲ್ಲಿ ನಮಗೆ ಕಾಯಂ ಸ್ಥಾನವಿಲ್ಲ. ಆ ವಾದ ದೊಡ್ಡವರು ಮಾಡಲಿ. ನಮಗೆ ಹತ್ತಿರದ ಮಾತು ಬೇರೆ ಇದೆ: ರಸ್ತೆ, ಕುಡಿಯೋ ನೀರು, ಕರೆಂಟು, ನೆಟ್‌ವರ್ಕ್ ಇಲ್ಲದ ಊರಲ್ಲಿ ಕದನ ನಿಂತರೂ ಶಾಂತಿ ಹೆಚ್ಚು ದಿನ ಬಾಳಲ್ಲ. ಇವೆಲ್ಲ ನಮ್ಮ ಸಿಲಬಸ್‌ನಲ್ಲೇ ಇವೆ ಅಲ್ವಾ? ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಮಾತ್ರ ಈ ಕೆಲಸದ ಹೆಸರು ಕಾಣಲ್ಲ.