ಅತ್ತಿಗೆಯವರ ‘ಆಲಸ್ಯ’

ಪರರ ಸ್ವಭಾವವನ್ನು ಅಳೆಯುವಲ್ಲಿ ನಾವು ಎಷ್ಟು ಆತುರಪಡುತ್ತೇವೆಂಬುದಕ್ಕೆ ನಮ್ಮ ಮನೆಯಲ್ಲಿಯೇ ಒಂದು ನಿದರ್ಶನವುಂಟು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ನನ್ನನ್ನು ಸಲಹಿದವರು ಅತ್ತಿಗೆಯವರು. ಮಠದ ಪ್ರಸಾದನಿಲಯದಿಂದ ರಜೆಗೆಂದು ಊರಿಗೆ ಬಂದಾಗ, ಕೋಳಿ ಕೂಗುವ ಮುನ್ನ ಅವರು ರೊಟ್ಟಿ ಬಡಿಯುವ ಸದ್ದೇ ನನ್ನನ್ನು ಎಚ್ಚರಿಸುತ್ತಿತ್ತು.

ಅಂತಹವರು 2008ರ ಸುಮಾರಿಗೆ ಬದಲಾದರು. ಬೇಸಿಗೆಯಲ್ಲಿಯೂ ಚಳಿಯೆಂದು ಕಂಬಳಿ ಹೊದೆಯುವರು. ಊಟ ಕಡಿಮೆಯಾದರೂ ಮೈ ಬೆಳೆಯುತ್ತಿತ್ತು. ಚರ್ಮ ಒಣಗಿತು, ಕೂದಲು ಉದುರಿತು, ದನಿ ಒರಟಾಯಿತು. ಒಲೆಯ ಮೇಲಿಟ್ಟ ಹಾಲನ್ನೂ ಮರೆಯುವರು. ಸೊಸೆ ಬಂದ ಮೇಲೆ ಮೈಗಳ್ಳತನ ಬಂದಿತೆಂದು ಬಂಧುಗಳು ಆಡಿಕೊಂಡರು. ನಾನೂ ಒಂದು ದಿನ, “ಸ್ವಲ್ಪ ಮೈ ಬಗ್ಗಿಸಿದರೆ ಎಲ್ಲ ಸರಿಹೋಗುತ್ತದೆ, ಅತ್ತಿಗೆ” ಎಂದುಬಿಟ್ಟೆ. ಅವರು ಮರುನುಡಿಯಲಿಲ್ಲ.

ಕೊನೆಗೆ ಅವರ ಮುಖ ಊದಿಕೊಂಡುದನ್ನು ಕಂಡು ವೈದ್ಯರಲ್ಲಿಗೆ ಕರೆದೊಯ್ದವಳು ಆ ಸೊಸೆಯೇ. ರಕ್ತಪರೀಕ್ಷೆಯಿಂದ ನಿಜ ಹೊರಬಿದ್ದಿತು. ಕೊರಳಿನ ಮುಂಭಾಗದಲ್ಲಿ ಚಿಟ್ಟೆಯಾಕಾರದ ಥೈರಾಯಿಡ್ ಗ್ರಂಥಿಯಿದೆ. ಅದು ಅಯೋಡಿನ್ ಬಳಸಿ ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ದೇಹವೆಂಬ ಒಲೆ ಎಷ್ಟು ಉರಿಯಬೇಕೆಂಬುದು ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ. ಅತ್ತಿಗೆಯವರಲ್ಲಿ ಅದು ಕುಂದಿತ್ತು. ಗ್ರಂಥಿಯನ್ನು ಎಚ್ಚರಿಸಲು ಮಿದುಳಿನ ಬುಡದಿಂದ ಹೊರಡುವ ಟಿ.ಎಸ್.ಎಚ್. ಮಿತಿಮೀರಿ ಏರಿತ್ತು. ಥೈರಾಕ್ಸಿನ್ ಹೆಚ್ಚಾದರೆ ಇದಕ್ಕೆ ವಿಪರೀತ: ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಉಂಡರೂ ಮೈ ಇಳಿಯುತ್ತದೆ. ಅಂತಹವರನ್ನು ಲೋಕವು ಸಿಡುಕರೆನ್ನುತ್ತದೆ!

1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆಯವರು ಕುರಿಯ ಥೈರಾಯಿಡ್ ಗ್ರಂಥಿಯ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟು ಇಂತಹ ಮಹಿಳೆಯೊಬ್ಬಳನ್ನು ಚೇತರಿಸಿದರು. ಆಕೆ ಮುಂದೆ 28 ವರ್ಷ ಬಾಳಿದಳು. ಇಂದು ಥೈರಾಕ್ಸಿನ್ ಗುಳಿಗೆಯಾಗಿ ದೊರೆಯುತ್ತದೆ. ಅದನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧ ತಾಸಾದರೂ ಚಹಾ, ತಿಂಡಿ ಮುಟ್ಟಬಾರದು. ಕಬ್ಬಿಣಾಂಶ, ಕ್ಯಾಲ್ಸಿಯಂ ಗುಳಿಗೆಗಳಿದ್ದರೆ 4 ತಾಸಿನ ಅಂತರ ಬೇಕು. ಗುಣವಾಯಿತೆಂದು ತಾವಾಗಿ ನಿಲ್ಲಿಸಲಾಗದು.

ಕೆಲವು ತಿಂಗಳುಗಳಲ್ಲಿ ರೊಟ್ಟಿಯ ಸದ್ದು ಮರಳಿ ಕೇಳಿಸಿತು. ನಾನು ಹೋಗಿ ಕ್ಷಮೆ ಬೇಡಿದೆ. “ನೀನಂದದ್ದು ಇರಲಿ ತಮ್ಮಾ, ನಾನು ಮೈಗಳ್ಳಿಯೇ ಆದೆನೇನೋ ಎಂದು ನಾನೂ ನಂಬಿಬಿಟ್ಟಿದ್ದೆ. ಅದೇ ದೊಡ್ಡ ದುಃಖವಾಗಿತ್ತು” ಎಂದರು.

ವಾಚಕರಲ್ಲಿ ನನ್ನ ವಿನಂತಿಯಿಷ್ಟೇ: ಮನೆಯಲ್ಲಿ ದುಡಿಯುವ ಜೀವವೊಂದು ಮಂಕಾದರೆ, ಅದರ ಗುಣವನ್ನು ಶಂಕಿಸುವ ಮೊದಲು ರಕ್ತವನ್ನೊಮ್ಮೆ ಪರೀಕ್ಷಿಸಿರಿ.