ಹಳೆಯ ಗಣಕಯಂತ್ರಕ್ಕೆ ಹೊಸ ವ್ಯವಸ್ಥೆ

ನಮ್ಮ ಅಧ್ಯಾಪಕರ ಕೊಠಡಿಯ ಮೂಲೆಯಲ್ಲಿರುವ ಗಣಕಯಂತ್ರವನ್ನು ನೀವೆಲ್ಲ ಬಲ್ಲಿರಿ. ಪ್ರಾರ್ಥನೆಗೆ ಮುಂಚೆ ಗುಂಡಿ ಒತ್ತಿದರೆ ಹಾಜರಿ ಮುಗಿಯುವ ಹೊತ್ತಿಗೆ ಕಣ್ತೆರೆಯುತ್ತಿದ್ದ ಆ ವೃದ್ಧನನ್ನು ಕುರಿತು ನೀವು ಆಡಿದ ವಿನೋದಗಳೂ ನನ್ನ ಕಿವಿಗೆ ಬಿದ್ದಿವೆ. 2013ರಲ್ಲಿ ನಾನು ವಿಜಯಪುರದ ಕಡೆಯಿಂದ ಮುಂಬಯಿಗೆ ಬಂದು ಈ ಶಾಲೆಯನ್ನು ಸೇರಿದಾಗಲೇ ಅದು ಇಲ್ಲಿತ್ತು. ಸೇವಾಜ್ಯೇಷ್ಠತೆಯಲ್ಲಿ ನನಗಿಂತ ಹಿರಿಯದು.

ಅದರಲ್ಲಿದ್ದುದು ವಿಂಡೋಸ್ 7. ಅದರ ಪಾಲನೆ 2020ರ ಜನವರಿ 14ಕ್ಕೇ ನಿಂತಿತ್ತು. ವಿಂಡೋಸ್ 10ಕ್ಕೆ ಏರಿಸೋಣವೆಂದರೆ ಅದರ ಸಾಮಾನ್ಯ ಪಾಲನೆಯೂ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್ ಅಲ್ಲದೆ ಟಿಪಿಎಂ 2.0 ಎಂಬ ರಕ್ಷಣಾ ಸಾಧನವೂ ಬೇಕು. ನಮ್ಮದರಲ್ಲಿ ಇದ್ದುದು 2 ಜಿಬಿ, ಆ ಸಾಧನವಂತೂ ಇಲ್ಲ. ಕೊನೆಗೆ ಲ್ಯಾಮಿಂಗ್ಟನ್ ರಸ್ತೆಯಿಂದ ಹಳೆಯದೊಂದು ರ‍್ಯಾಮ್ ತಂದು, ಹಣ ತೆರಬೇಕಿಲ್ಲದ ಲಿನಕ್ಸ್ ಮಿಂಟನ್ನು ಹಾಕುವುದೆಂದು ನಿಶ್ಚಯಿಸಿದೆವು.

ಈ ಅವಸರಕ್ಕೆ ಬೇರೊಂದು ಕಾರಣವೂ ಇತ್ತು. 2014ರಲ್ಲಿ ಏಳನೆಯ ತರಗತಿಯಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿ ಕಲಬುರಗಿಯ ಕಡೆಯ ಹಳ್ಳಿಯಿಂದ ಕಟ್ಟಡದ ಕೆಲಸಕ್ಕೆಂದು ಮುಂಬಯಿಗೆ ಬಂದ ಕಥೆಯನ್ನು ಬರೆದು, ಈ ಯಂತ್ರದಲ್ಲೇ ಬೆರಳಚ್ಚು ಮಾಡಿದ್ದಳು. ಕಾಗದದ ಪ್ರತಿ ಒಂದು ಮಳೆಗಾಲದಲ್ಲಿ ಕಪಾಟಿನೊಳಗೇ ಕೊಳೆತುಹೋಯಿತು. ಕಳೆದ ವರ್ಷ ಅಜ್ಜಿ ತೀರಿಕೊಂಡ ಮೇಲೆ ಅವಳು ಫೋನ್ ಮಾಡಿ, “ಸರ್, ಅದು ಇನ್ನೂ ಇದೆಯೇನ್ರಿ?” ಎಂದಳು. ಇದೆ, ಕಳುಹಿಸುತ್ತೇನೆ ಎಂದು ಮಾತುಕೊಟ್ಟುಬಿಟ್ಟಿದ್ದೆ.

ದೀಪಾವಳಿಯ ರಜೆಯಲ್ಲಿ ಒಂಬತ್ತನೆಯ ತರಗತಿಯ ಇಬ್ಬರು ಹುಡುಗರೊಡನೆ ಕುಳಿತೆ. ಕಡತಗಳನ್ನೆಲ್ಲ ಪೆನ್ ಡ್ರೈವಿಗೆ ತುಂಬಿಕೊಂಡೆವು. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಯಂತ್ರ ಇಂಗ್ಲಿಷಿನಲ್ಲಿ ಕೇಳುವ ಪ್ರಶ್ನೆಗಳೆಂದರೆ ಇಂದಿಗೂ ಪರೀಕ್ಷೆಯ ಭಯ. “ಡಿಸ್ಕನ್ನೆಲ್ಲ ಅಳಿಸಲೇ?” ಎಂದು ಅದು ಕೇಳಿದಾಗ ಎರಡು ಬಾರಿ ಓದಿ, ಹೂಂ ಎಂದೆ. ಅರ್ಧ ಗಂಟೆಯಲ್ಲಿ ಹೊಸ ಪರದೆ ಬೆಳಗಿತು. ಹುಡುಗರು ಚಪ್ಪಾಳೆ ತಟ್ಟಿದರು.

ಅಜ್ಜಿಯ ಕಥೆಯನ್ನು ತೆರೆದೆ. “ಸರ್, ಇದು ಕನ್ನಡ ಅಲ್ರಿ!” ಎಂದ ಒಬ್ಬ. ‘ಕನ್ನಡ’ ಎಂದಿರಬೇಕಾದ ಕಡೆ ನಡುವೆ ಇಂಗ್ಲೆಂಡಿನ ಪೌಂಡಿನ ಗುರುತು. ಪಕಾರವಿದ್ದಲ್ಲೆಲ್ಲ ಜಪಾನಿನ ಯೆನ್. ಜಗತ್ತಿನ ನಾಣ್ಯಗಳೆಲ್ಲ ಅಲ್ಲಿದ್ದವು, ಅಜ್ಜಿ ಮಾತ್ರ ಇರಲಿಲ್ಲ. ಅಂಗೈ ಬೆವರಿತು.

ಆದದ್ದಿಷ್ಟು. ಹಿಂದಿನ ನುಡಿ ತಂತ್ರಾಂಶದ ಅಕ್ಷರಗಳು ಇಂಗ್ಲಿಷಿನ ಮನೆಗಳಲ್ಲಿ ಬಾಡಿಗೆಗೆ ಇದ್ದವು. ಕಕಾರದ ಮೈ ಇದ್ದುದು ಇಂಗ್ಲಿಷಿನ ‘ಪಿ’ಗೆ ಸಲ್ಲುವ 80ರ ಮನೆಯಲ್ಲಿ. ನುಡಿಯ ಫಾಂಟ್ ಇದ್ದರಷ್ಟೇ ಅದು ಕಕಾರವಾಗಿ ತೋರೀತು. ನಾವು ಕಡತಗಳನ್ನು ಹೊತ್ತುತಂದು ಫಾಂಟನ್ನು ಅಳಿಸಿಬಿಟ್ಟಿದ್ದೆವು. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆಗಳು ದೊರೆತಿದ್ದವು. ಅಲ್ಲಿ ಕಕಾರದ ಸಂಖ್ಯೆ 3221. ನಾವು ಶಾಲೆಗಳವರು ಬಹುಕಾಲ ಆ ಮನೆಗಳಿಗೆ ಹೋಗಲೇ ಇಲ್ಲ. ಅಭ್ಯಾಸಬಲ, ಮತ್ತೇನು?

ನುಡಿ ಉಚಿತವಾದುದರಿಂದ ಫಾಂಟ್ ಮತ್ತೆ ಸಿಕ್ಕಿತು, ಅಕ್ಷರಗಳು ಮರಳಿದವು. ಆದರೆ ಆಕೆಯ ಮೊಬೈಲಿನಲ್ಲಿ ಓದಲು ಬರಬೇಕಾದರೆ ಯೂನಿಕೋಡಿಗೆ ಪರಿವರ್ತಿಸಲೇಬೇಕು. ಪರಿವರ್ತಿಸಿದಾಗ ಕೆಲವೆಡೆ ಅರ್ಕಾವೊತ್ತು ತನ್ನ ಸ್ಥಳ ಬಿಟ್ಟು ಪಕ್ಕದ ಅಕ್ಷರಕ್ಕೆ ಅಂಟಿಕೊಂಡಿತ್ತು. ಒಬ್ಬ ಹುಡುಗ ಗಟ್ಟಿಯಾಗಿ ಓದಿದ, ಮತ್ತೊಬ್ಬ ತಿದ್ದಿದ. ನಾನು ನಡುನಡುವೆ ಚಹಾ ತರಿಸಿದೆ. ಎರಡು ದಿನ ಹಿಡಿಯಿತು. ಇಳಕಲ್ ಸೀರೆಯ ಗಂಟು ಹೊತ್ತು ಅಜ್ಜಿ ದಾದರಿನಲ್ಲಿ ರೈಲಿಳಿಯುವ ಕಡೆ ಬಂದಾಗ, ಓದುತ್ತಿದ್ದವನು ಸುಮ್ಮನಾಗಿ, “ನಮ್ಮ ಅವ್ವನೂ ಹಿಂಗೇ ಬಂದಾಳ್ರಿ” ಎಂದ.

ಕಥೆಯನ್ನು ಕಳುಹಿಸಿದೆ. ರಾತ್ರಿಯೇ ಅವಳ ಫೋನ್ ಬಂತು. ಎಲ್ಲ ಸರಿಯಾಗಿದೆ, ಒಂದು ಪದ ಮಾತ್ರ ತಪ್ಪಿದೆ ಎಂದಳು. ಪರಿವರ್ತನೆಯಲ್ಲಿ ಕೆಟ್ಟಿರಬೇಕೆಂದು ನಾನು ಕ್ಷಮೆ ಕೇಳಹೊರಟೆ.

“ಮಷೀನಿಂದಲ್ರಿ ಸರ್. ಅಜ್ಜಿ ‘ಹೊಂಟಿದ್ದೆ’ ಅಂತಿದ್ದಳು. ‘ಹೊರಟಿದ್ದೆ’ ಅಂತ ಆವಾಗ ನೀವೇ ತಿದ್ದಿಸಿದ್ರಿ.”

ಮರುದಿನ ಬೇಗನೆ ಶಾಲೆಗೆ ಬಂದು ಯಂತ್ರದ ಗುಂಡಿ ಒತ್ತಿದೆ. ಪ್ರಾರ್ಥನೆಯ ಗಂಟೆ ಹೊಡೆಯುವ ಮುಂಚೆಯೇ ‘ಹೊಂಟಿದ್ದೆ’ ಎಂದು ತಿದ್ದಿ, ಕಥೆಯನ್ನು ಮತ್ತೊಮ್ಮೆ ಕಳುಹಿಸಿದೆ.