ಎರಡನೇ ಸಲ ನುಡಿಸುವಾಗ

ಚೈಕೋವ್‌ಸ್ಕಿಯ ವಯಲಿನ್ ಕನ್ಸರ್ಟೊದ ಕೊನೆಯ ಭಾಗ ರಷ್ಯಾದ ಹಳ್ಳಿ ಕುಣಿತದ ಹಾಗೆ ಓಡುತ್ತದೆ. ಕಳೆದ ಮಳೆಗಾಲದಲ್ಲಿ ನಮ್ಮ ಗಾಯನ ಮಂಡಳಿಯ ನಾಲ್ಕೈದು ಮಂದಿ ಸೇರಿ ಅದರ ಎರಡು ಧ್ವನಿಮುದ್ರಣಗಳನ್ನು ಕೇಳಿದೆವು. ಒಂದು, ಹೈಫೆಟ್ಸ್ 1957ರಲ್ಲಿ ಶಿಕಾಗೊ ಸಿಂಫನಿಯ ಜೊತೆ ನುಡಿಸಿದ್ದು. ಇನ್ನೊಂದು ಇತ್ತೀಚಿನದು. ಇತ್ತೀಚಿನದರಲ್ಲಿ ವಯಲಿನ್ ಒಂದು ಸಣ್ಣ ತುಣುಕನ್ನೇ ಹಿಡಿದು ಮತ್ತೆ ಮತ್ತೆ ಹೇಳುತ್ತದೆ. ಹೈಫೆಟ್ಸ್ ಅಲ್ಲಿ ನಿಲ್ಲದೆ ಮುಂದೆ ಹೋಗಿಯಾಗಿರುತ್ತದೆ.

ಆ ಕತ್ತರಿ ಅವರ ಗುರು ಲಿಯೊಪೋಲ್ಡ್ ಔಯರ್ ಅವರದು. 1878ರಲ್ಲಿ, ಮದುವೆ ಮುರಿದು ಮನಸ್ಸು ಕುಗ್ಗಿದ್ದ ಚೈಕೋವ್‌ಸ್ಕಿ ಸ್ವಿಟ್ಜರ್ಲೆಂಡಿನ ಕ್ಲಾರೆನ್ಸ್ ಎಂಬ ಸರೋವರದ ದಡದ ಊರಲ್ಲಿ ಕೂತು ಒಂದು ತಿಂಗಳೊಳಗೆ ಈ ಕೃತಿ ಬರೆದರು. ಅದನ್ನು ಔಯರ್ ಅವರಿಗೆ ಅರ್ಪಿಸಿದರೆ ಅವರು ನುಡಿಸಲೇ ಇಲ್ಲ. ಕೊನೆಗೆ 1881ರ ಡಿಸೆಂಬರ್ 4ರಂದು ವಿಯೆನ್ನಾದಲ್ಲಿ ನುಡಿಸಿದ್ದು ಅಡಾಲ್ಫ್ ಬ್ರಾಡ್‌ಸ್ಕಿ. ಹಾನ್‌ಸ್ಲಿಕ್ ಎಂಬ ವಿಮರ್ಶಕರು ಈ ಸಂಗೀತ ನಾರುತ್ತದೆ ಎಂಬರ್ಥದಲ್ಲಿ ಬರೆದರು. ಆ ವಿಮರ್ಶೆ ಚೈಕೋವ್‌ಸ್ಕಿಗೆ ಬಾಯಿಪಾಠವಾಗಿತ್ತಂತೆ. ಪಾಪ, ಎಷ್ಟು ಸಲ ಓದಿರಬೇಕು! ಅರ್ಪಣೆ ಬ್ರಾಡ್‌ಸ್ಕಿಯ ಹೆಸರಿಗೆ ಬದಲಾಯಿತು. ಔಯರ್ ಮುಂದೆ ಇದನ್ನು ಕೈಗೆತ್ತಿಕೊಂಡರು, ಆದರೆ ತಮ್ಮ ತಿದ್ದುಪಡಿಗಳೊಡನೆ. ಕೊನೆಯ ಭಾಗದ ಪುನರಾವರ್ತನೆಗಳನ್ನು ಕೆಲವು ಕಡೆ ತೆಗೆದುಬಿಟ್ಟರು. ಶಿಷ್ಯರು ಹಾಗೆಯೇ ಕಲಿತರು, ಹಾಗೆಯೇ ರೆಕಾರ್ಡ್ ಮಾಡಿದರು. ಕೇಳಿ ಕೇಳಿ ಎಷ್ಟೋ ಜನರಿಗೆ ಕತ್ತರಿಸಿದ್ದೇ ಮೂಲವಾಯಿತು.

ನಮ್ಮೊಳಗೆ ಎರಡು ಪಕ್ಷ ಆಯಿತು. "ಒಂದೇ ಮಾತು ಎಷ್ಟು ಸಲ ಹೇಳುವುದು ಮಾರಾಯ್ರೇ, ಔಯರ್ ಮಾಡಿದ್ದೇ ಸರಿ" ಎಂದು ಒಬ್ಬ. ಇನ್ನೊಬ್ಬಳು ಮೊದಲ ಭಾಗವನ್ನು ಮತ್ತೆ ಹಾಕಿದಳು. ಅಲ್ಲಿ ಮುಖ್ಯ ರಾಗವನ್ನು ಮೊದಲು ಹೇಳುವುದು ವಯಲಿನ್, ಮೆಲ್ಲಗೆ. ಆಮೇಲೆ ಇಡೀ ವಾದ್ಯವೃಂದ ಅದನ್ನೇ ಎತ್ತಿಕೊಂಡು ಮೆರವಣಿಗೆಯ ಗತ್ತಿನಲ್ಲಿ ಮೊಳಗಿಸುತ್ತದೆ. ವಯಲಿನ್ ಒಂಟಿಯಾಗಿ ನುಡಿಸುವ ಉದ್ದದ ಭಾಗ ಮುಗಿದಾಗ ಅದೇ ರಾಗ ಕೊಳಲಿನಲ್ಲಿ ಬರುತ್ತದೆ. ಸ್ವರಗಳು ಅವೇ. ಆದರೆ ಅಷ್ಟು ಹೊತ್ತಿಗೆ ನಾವು ಎಲ್ಲೆಲ್ಲೋ ಹೋಗಿ ಬಂದಿರುತ್ತೇವೆ, ಅದಕ್ಕೇ ಅದು ಮನೆಗೆ ತಲುಪಿದ ಹಾಗೆ ಕೇಳುತ್ತದೆ. ಎಲ್ಲಕ್ಕಿಂತ ಮೊದಲು ವಾದ್ಯವೃಂದ ನುಡಿಸುವ ರಾಗ ಮಾತ್ರ ಮತ್ತೆ ಬರುವುದೇ ಇಲ್ಲ. ಅಷ್ಟು ಚಂದದ್ದನ್ನು ಒಮ್ಮೆ ಹೇಳಿ ಬಿಟ್ಟವರು, ಕೊನೆಯ ಭಾಗದಲ್ಲಿ ಒಂದು ತುಣುಕನ್ನು ಸುಮ್ಮನೆ ತಿರುತಿರುಗಿ ಬರೆದರೇ?

ಈ ಚರ್ಚೆ ನಮಗೆ ಬರೀ ವಿದೇಶಿ ಸಂಗೀತದ್ದಾಗಿ ಉಳಿಯಲಿಲ್ಲ. ಹಾಡುಗಳು ಉದ್ದವಾಗುತ್ತವೆ, ಪಲ್ಲವಿ ಎರಡನೇ ಸಲ ಬೇಡ ಎಂಬ ಮಾತು ನಮ್ಮಲ್ಲೂ ಇತ್ತು. ನವೆಂಬರ್ 2ರಂದು ಸಿಮೆಟ್ರಿಯಲ್ಲಿ ಫಾದರ್ ಒಂದೊಂದೇ ಸಮಾಧಿಗೆ ತೀರ್ಥ ಚಿಮುಕಿಸುತ್ತಾ ಹೋಗುವಾಗ, ಕೊನೆಯ ಸಾಲಿನವರೆಗೂ ನಾವು ಒಂದೇ ಪಲ್ಲವಿ ಹಾಡುತ್ತಿರಬೇಕು. ಹೋದ ವರ್ಷ ನಮ್ಮಲ್ಲೊಬ್ಬಳ ಅಪ್ಪನ ಸಮಾಧಿ ಹೊಸದು. ಮೂರನೇ ಸಲಕ್ಕೆ ಅವಳ ಸ್ವರ ನಿಂತಿತು. ನಾವು ಹಾಡುತ್ತಾ ಇದ್ದೆವು. ಆರನೆಯದೋ ಏಳನೆಯದೋ ಸಲ ಅವಳು ಮತ್ತೆ ಸೇರಿಕೊಂಡಳು. ಒಂದೇ ಸಲ ಹಾಡಿ ಮುಗಿಸಿದ್ದರೆ ಅವಳಿಗೆ ತಿರುಗಿ ಸೇರಲು ಜಾಗವೇ ಇರುತ್ತಿರಲಿಲ್ಲ.

ಹಾಗಂತ ತಿರುಗಿ ಹೇಳಿದ್ದೆಲ್ಲ ಚಂದ ಅಂತಲ್ಲ. ನಾಲ್ಕು ಸಲವೂ ಒಂದೇ ಬಲದಲ್ಲಿ, ಒಂದೇ ವೇಗದಲ್ಲಿ ಬಿಲ್ಲು ಎಳೆದರೆ ಔಯರ್ ಕತ್ತರಿಯೇ ವಾಸಿ. ನಾವು ಕೇಳಿದ ಹೊಸ ಧ್ವನಿಮುದ್ರಣದಲ್ಲಿ ಆ ತುಣುಕು ಮೊದಲು ಕೀಟಲೆಯ ಹಾಗಿದೆ, ಮರುಸಲ ಪಿಸುಮಾತು, ಆಮೇಲೆ ಹಟ. ಅದೇ ಸ್ವರಗಳನ್ನು ಬೇರೆಯಾಗಿ ಹೇಳುವುದು ಹೇಗೆಂದು ಕಲಾವಿದೆಗೆ ಅಲ್ಲಿ ಯೋಚಿಸಲೇಬೇಕು. ಚೈಕೋವ್‌ಸ್ಕಿ ಅದನ್ನು ಅವಳ ಕೈಗೇ ಬಿಟ್ಟ ಹಾಗಿದೆ. ಕತ್ತರಿಸಿದರೆ ಉಳಿಯುವುದು ಕೆಲವೇ ಸೆಕೆಂಡು.

ಹೈಫೆಟ್ಸ್ ಪಕ್ಷದವನು ಇನ್ನೂ ಒಪ್ಪಿಲ್ಲ. ಆ ವೇಗ, ಆ ಹೊಳಪು ಬೇರೆ ಯಾರಲ್ಲಿದೆ ತೋರಿಸಿ ಅನ್ನುತ್ತಾನೆ. ನಮ್ಮ ಹತ್ತಿರ ಉತ್ತರ ಇಲ್ಲ. ಈ ಬರುವ ನವೆಂಬರಿಗೆ ಸಿಮೆಟ್ರಿಯ ಪಲ್ಲವಿಗೆ ವಯಲಿನ್ ನುಡಿಸುವವನು ಅವನೇ. ಎಷ್ಟು ಸಲ ಎಂದು ಅವನಿನ್ನೂ ಕೇಳಿಲ್ಲ.